ಶ್ರಾವಣದಲ್ಲಿ ಹಚ್ಚಿದ ಅಂತರ್ಯುದ್ಧ

ಅಮೆರಿಕದ ಅಂತರ್ಯುದ್ಧ ನಮ್ಮೂರಿನ ಬಸವಣ್ಣನ ಗುಡಿಯಲ್ಲಿ ಶುರುವಾದದ್ದಕ್ಕೆ ನಾನು ಕಾರಣನಲ್ಲ. ಪುರಾಣಿಕರ ಗಂಟಲು ಕಾರಣ. ಈ ಮಾತನ್ನು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ, ಯಾರೂ ಒಪ್ಪಿಲ್ಲ. ಈಗಲೂ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರಿನವರು ಯಾರಾದರೂ ಸಿಕ್ಕರೆ, ‘ಏನ್ರಿ ಸರ, ಈ ವರ್ಷ ಯಾವ ದೇಶದ್ದು ಹಚ್ಚತೀರಿ?’ ಎಂದೇ ಕೇಳುತ್ತಾರೆ.

ನಮ್ಮ ಕಡೆ ಶ್ರಾವಣ ಬಂತೆಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಹೊರಗಿನಿಂದ ಪುರಾಣಿಕರೊಬ್ಬರನ್ನು ಕರೆಸಿ, ತಿಂಗಳಪೂರ್ತಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಪೀಠದ ಮೇಲೆ ಕೂರಿಸಿ, ಯಾರಾದರೊಬ್ಬ ಶರಣರ ಕಥೆ ಹೇಳಿಸುವುದು. ನಡುನಡುವೆ ಗವಾಯಿಗಳು ಹಾರ್ಮೋನಿಯಂ ಹಿಡಿದು ಹಾಡುತ್ತಾರೆ, ತಬಲಾದವರು ಸಾಥ್ ಕೊಡುತ್ತಾರೆ. ಕಥೆಯಲ್ಲಿ ಶರಣರು ಹುಟ್ಟಿದ ದಿನ ಗುಡಿಯಲ್ಲಿ ತೊಟ್ಟಿಲು ಕಟ್ಟಿ, ಗೊಂಬೆ ಮಲಗಿಸಿ, ಹೆಂಗಸರು ಜೋಗುಳ ಹಾಡುತ್ತಾರೆ. ಕೊನೆಗೆ ಪುರಾಣ ಮಂಗಲ. ಅಂದು ಇಡೀ ಊರಿಗೆ ಗೋದಿ ಹುಗ್ಗಿ. ಒಮ್ಮೆ ಪೀಠದ ಮೇಲೆ ಕೂತು ಶುರು ಮಾಡಿದ ಕಥೆಗೆ ಮಂಗಲ ಆಗಲೇಬೇಕು, ಆಗುವ ತನಕ ಊರಲ್ಲಿ ಯಾರ ಮನೆಯ ಮುಂದೂ ಮದುವೆಯ ಹಂದರ ಹಾಕುವಂತಿಲ್ಲ. ಇದು ನಮ್ಮೂರಿನ ಕಟ್ಟಳೆ. ಬೇರೆ ಊರುಗಳಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ದೇವರು ಅವರಿಗೂ ಒಳ್ಳೆಯದು ಮಾಡಲಿ.

ಆ ವರ್ಷ ಬಂದ ಪುರಾಣಿಕರು ಮೊದಲ ದಿನ ಕಾಯಿ ಒಡೆಸಿಕೊಂಡು, ಪೀಠ ಏರಿ, ಕಥೆ ಶುರು ಮಾಡದೆ ಅರ್ಧ ತಾಸು ಬರೀ ಪೀಠಿಕೆ ಹಾಕಿದರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಧ್ವನಿಯೇ ಇಲ್ಲ. ಡಾಕ್ಟರು ಗಂಟಲು ನೋಡಿ, ಒಂದು ತಿಂಗಳು ಮಾತು ಬಂದ್ ಎಂದರು. ಪುರಾಣಿಕರು ಕೈ ಮುಗಿದು ಬಸ್ ಹತ್ತಿದರು. ಗವಾಯಿಗಳೂ ತಬಲಾದವರೂ ಮಾತ್ರ ಊರಲ್ಲೇ ಉಳಿದರು, ಯಾಕೆಂದರೆ ಅವರ ಊಟ ಮನೆಮನೆಗೆ ಪಾಳಿಯ ಮೇಲೆ ಗೊತ್ತಾಗಿಬಿಟ್ಟಿತ್ತು.

ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ಸಂಜೆ ಸಾಲೆ ಮುಗಿಸಿ ಬಂದು ಚಾ ಕುಡಿಯುತ್ತ ಕೂತಿದ್ದಾಗ ಪುರಾಣ ಸಮಿತಿಯ ಅಧ್ಯಕ್ಷ ಬಂದ. ಊರಿನ ಹಿಟ್ಟಿನ ಗಿರಣಿ ಅವನದೇ, ಹಾಗಾಗಿ ಎಲ್ಲರಿಗೂ ಅವನು ಗಿರಣಿ ಕಾಕಾ.

‘ಪೀಠ ಖಾಲಿ ಬಿಡೂಹಂಗಿಲ್ಲೋ ತಮ್ಮಾ. ದಿನಾ ಸಾಲ್ಯಾಗ ಒದರತೀಯಲ್ಲ, ಇವತ್ತೊಂದು ದಿನ ಇಲ್ಲಿ ಒದರು.’

‘ನನಗ ಪುರಾಣ ಬರೂದಿಲ್ಲ ಕಾಕಾ.’

‘ಪುರಾಣದ ಪುಸ್ತಕ ಮುಟ್ಟಾಕ ನಿನಗ ದೀಕ್ಷಾನೂ ಆಗಿಲ್ಲ ಬಿಡು. ನಿನಗ ಬರೂದು ಹೇಳು. ಯುದ್ಧ ಇದ್ರ ಚಲೋ, ಮಂದಿ ನಿದ್ದಿ ಮಾಡೂದಿಲ್ಲ.’

ನನಗೆ ಬರುವ ಯುದ್ಧ ಎಂದರೆ ಒಂದೇ. ಹಿಂದೆ ದೊಡ್ಡ ಸರಕಾರಿ ನೌಕರಿಯ ಪರೀಕ್ಷೆಗೆ ಕೂತು ಕೂತು ಬಿದ್ದಿದ್ದೆ. ಆ ಓದೆಲ್ಲ ತಲೆಯಿಂದ ಇಳಿದುಹೋದರೂ, ಯಾಕೋ ಏನೋ, ಅಮೆರಿಕದ ಅಂತರ್ಯುದ್ಧ ಮಾತ್ರ ಇಸವಿ ಸಮೇತ ಅಲ್ಲೇ ಕೂತಿತ್ತು. ಪರೀಕ್ಷೆಯಲ್ಲಿ ಅದರ ಮೇಲೆ ಒಂದೇ ಒಂದು ಪ್ರಶ್ನೆ ಬರಲಿಲ್ಲ. ಒಂದು ದಿನದ ಮಾತು ತಾನೇ ಎಂದು ಅಂಗಿ ಬದಲಿಸಿಕೊಂಡು ಹೋದೆ.

ಪೀಠದ ಮೇಲೆ ಕೂತು ಹೇಳಿದೆ: ಒಂದು ದೊಡ್ಡ ದೇಶ. ಅದರ ಉತ್ತರಕ್ಕೆ ಕಾರ್ಖಾನೆಗಳು, ದಕ್ಷಿಣಕ್ಕೆ ಹತ್ತಿಯ ಹೊಲಗಳು. ಆ ಹೊಲಗಳಲ್ಲಿ ದುಡಿಯುವವರು ಕೂಲಿಯವರಲ್ಲ, ಗುಲಾಮರು. ಅವರನ್ನು ಸಂತೆಯಲ್ಲಿ ದನ ಮಾರಿದಂತೆ ಮಾರುತ್ತಿದ್ದರು, ತಾಯಿಯನ್ನು ಒಂದು ಕಡೆ, ಮಗುವನ್ನು ಒಂದು ಕಡೆ. ಇದಕ್ಕೆ ಅಡ್ಡಿಪಡಿಸುವವನು ಅಧ್ಯಕ್ಷನಾದ ಎಂದು ಗೊತ್ತಾದ ಕೂಡಲೇ ದಕ್ಷಿಣದವರು, ನಾವೇ ಬೇರೆ ದೇಶ ಎಂದು ಎದ್ದುನಿಂತರು.

ಹೆಂಗಸರ ಕಡೆಯಿಂದ ನಮ್ಮ ದೊಡ್ಡವ್ವ ಕೇಳಿದಳು, ‘ದಕ್ಷಿಣದಾಗ ಹತ್ತಿ ಬೆಳೀತಿದ್ರೇನು?’

‘ಹೌದು ದೊಡ್ಡವ್ವ.’

‘ನಮ್ಮ ತವರಾಗೂ ಹತ್ತೀನ ಬೆಳೀತಾರ,’ ಎಂದಳು ದೊಡ್ಡವ್ವ, ಸೆರಗು ಸರಿಮಾಡಿಕೊಂಡು. ನಮ್ಮೂರಿನ ಮಟ್ಟಿಗೆ ಯುದ್ಧ ಶುರುವಾದದ್ದು ಆ ಮಾತಿನಿಂದ.

ದೊಡ್ಡವ್ವ ನಮ್ಮಪ್ಪನ ಅಣ್ಣನ ಹೆಂಡತಿ, ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಅವಳ ತವರು ಹಿರೇಕೆರೂರು ತಾಲ್ಲೂಕಿನಲ್ಲಿ, ಅಬಲೂರಿನ ಹತ್ತಿರ. ಅಲ್ಲಿಂದ ಈ ಕಡೆ ಬಂದು ಅರ್ಧ ಆಯುಷ್ಯ ಕಳೆದರೂ ಆಕೆಗೆ ನಮ್ಮೂರು ಇನ್ನೂ ಪರಸ್ಥಳ. ನಮ್ಮ ಕಡೆಯ ನೀರು ಸಪ್ಪೆ, ನಮ್ಮ ಮಂದಿ ಸಪ್ಪೆ. ಆ ದೊಡ್ಡವ್ವನೇ ಮುಂದೆ ನಿಂತು ನನ್ನ ತಂಗಿಗೆ ತನ್ನ ಅಣ್ಣನ ಮಗನನ್ನು ಗೊತ್ತುಮಾಡಿದ್ದಳು. ಹುಡುಗ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ತಂಗಿ ಶಿಗ್ಗಾಂವಿಯಲ್ಲಿ ನರ್ಸ್. ನಿಶ್ಚಯ ಆಗಿತ್ತು, ದೀಪಾವಳಿ ಮುಗಿಯುತ್ತಿದ್ದಂತೆ ಮದುವೆ. ತಂಗಿಗೆ ಹುಡುಗ ಎಷ್ಟು ಹಿಡಿಸಿದ್ದ ಎಂದರೆ, ಫೋನಿನಲ್ಲಿ ಅವನ ಮೆಸೇಜು ಬಂದ ಸಪ್ಪಳ ಕೇಳಿದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಆಕೆಗೆ ಪರಿವೆ ಇರುತ್ತಿರಲಿಲ್ಲ.

ಮೊದಲ ದಿನವೇ ಇನ್ನೊಬ್ಬರು ಪ್ರಶ್ನೆ ಕೇಳಿದರು. ಕೆಳಗಿನ ಓಣಿಯ ಅಜ್ಜ. ಹುಡುಗನಾಗಿದ್ದಾಗ ಅವನು ನಮ್ಮ ಅಜ್ಜನ ಮನೆಯಲ್ಲಿ ಜೀತಕ್ಕಿದ್ದ. ಆಮೇಲೆ ಕಾಯಿದೆ ಬಂತು, ಜೀತ ಹೋಯಿತು. ಗುಡಿಯ ಒಳಗೆ ಬರಬೇಡ ಎಂದು ಅವನಿಗೆ ಈಗ ಯಾರೂ ಹೇಳುವುದಿಲ್ಲ. ಬಾ ಎಂದೂ ಯಾರೂ ಹೇಳುವುದಿಲ್ಲ. ಅವನು ಹೊರಗಿನ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ. ನಾನು ಕೆಳಗಿಳಿದು ಬರುವಾಗ ತಡೆದು ಕೇಳಿದ, ‘ಸರ, ಆ ಮಂದಿಗೆ ಬಿಡುಗಡಿ ಆತೇನ್ರಿ?’

‘ಇನ್ನೂ ಇಲ್ಲ ಅಜ್ಜಾ. ಈಗ ಶುರು ಆಗೇತಿ.’

‘ಹಂಗಾರ ನಾಳೆ ಬರ್ತೇನಿ,’ ಎಂದು ಅಜ್ಜ ಪಂಜೆ ಝಾಡಿಸಿ ಎದ್ದ.

ಒಂದು ದಿನಕ್ಕೆಂದು ಪೀಠ ಏರಿದವನಿಗೆ ಇಳಿಯಲು ಆಗಲಿಲ್ಲ. ಶುರು ಮಾಡಿದ ಕಥೆ ಮಂಗಲ ಮುಟ್ಟಬೇಕಲ್ಲ. ಎರಡನೆಯ ದಿನ ಮಂದಿ ಇನ್ನೊಂದು ತಕರಾರು ತೆಗೆದರು: ಊರಿನ ಹೆಸರುಗಳು ಬಾಯಿಗೆ ಬರುವುದಿಲ್ಲ, ನೆನಪೂ ಉಳಿಯುವುದಿಲ್ಲ. ಸಾಲೆಯಲ್ಲಿ ನಾನು ಹುಡುಗರಿಗೆ ತಿಳಿಯಲಿ ಎಂದು ಮಾಡುವಂತೆ ಇಲ್ಲಿಯೂ ಒಂದು ಸುಲಭ ಉಪಾಯ ಮಾಡಿದೆ. ಉತ್ತರದ ರಾಜಧಾನಿ ಶಿಗ್ಗಾಂವಿ ಎಂದು ತಿಳಿಯಿರಿ, ದಕ್ಷಿಣದ್ದು ಹಾನಗಲ್. ಹತ್ತಿಯ ಸೀಮೆ ಹಿರೇಕೆರೂರು. ಮದ್ದುಗುಂಡಿನ ಕಾರ್ಖಾನೆ ಸವಣೂರು, ಅಲ್ಲಿನ ಖಾರದ ರುಚಿ ಎಲ್ಲರಿಗೂ ಗೊತ್ತೇ ಇತ್ತಲ್ಲ. ನಡುವೆ ಹರಿಯುವುದು ವರದಾ ಹೊಳೆ. ಮಂದಿ ಹೋ ಎಂದು ನಕ್ಕರು, ಗವಾಯಿಗಳು ಸಂತೋಷದಿಂದ ಒಂದು ಹಾಡು ಹೆಚ್ಚಿಗೆ ಹಾಡಿದರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ಉಪಾಯದಿಂದ ಊರು ಎರಡು ಹೋಳಾಯಿತು. ನಮ್ಮೂರು ಇರುವುದು ಶಿಗ್ಗಾಂವಿ ತಾಲ್ಲೂಕಿನ ಅಂಚಿನಲ್ಲಿ. ಹಾನಗಲ್ಲಿನಿಂದಲೂ ಹಿರೇಕೆರೂರಿನಿಂದಲೂ ಸೊಸೆಯಾಗಿ ಬಂದವರೆಲ್ಲ ಒಂದೇ ದಿನದಲ್ಲಿ ದಕ್ಷಿಣದವರಾದರು. ಊರಿನ ಗಂಡಸರು, ಜೊತೆಗೆ ಸವಣೂರಿನಿಂದ ಬಂದ ಸೊಸೆಯಂದಿರು, ಉತ್ತರದವರು. ಗಿರಣಿ ಕಾಕಾ ಕೇಳದೆಯೇ ಉತ್ತರದ ದಂಡನಾಯಕನಾದ. ದಕ್ಷಿಣಕ್ಕೆ ದೊಡ್ಡವ್ವ.

ಯುದ್ಧದ ಮೊದಮೊದಲು ದಕ್ಷಿಣದವರೇ ಗೆಲ್ಲುತ್ತಿದ್ದರು. ಅದು ನನ್ನ ತಪ್ಪಲ್ಲ, ಹಾಗೆ ನಡೆದಿತ್ತು. ಮೊದಲ ದೊಡ್ಡ ಕಾಳಗದಲ್ಲಿ ಉತ್ತರದ ದಂಡು ಓಡಿದ ಸಂಜೆ ದೊಡ್ಡವ್ವ ನಮ್ಮ ಮನೆಗೆ ಶೇಂಗಾ ಹೋಳಿಗೆ ಕಳಿಸಿದಳು. ಮರುದಿನ ಉತ್ತರದವರು ಮತ್ತೆ ಸೋಲುವ ಹೊತ್ತಿಗೆ ಮೈಕು ಕೆಟ್ಟಿತು. ಮೈಕಿಗೆ ಕರೆಂಟು ಬರುತ್ತಿದ್ದದ್ದು ಗಿರಣಿಯಿಂದ. ದಕ್ಷಿಣದವರು ಹಿಂದೆ ಸರಿದರು ಎಂದು ನಾನು ಬರಿ ಬಾಯಲ್ಲಿ ಕೂಗಿದ ಕೂಡಲೇ ಮೈಕಿಗೆ ಜೀವ ಬಂತು.

ಅಮೆರಿಕದ ಅಧ್ಯಕ್ಷನ ಬಾಲ್ಯ ಹೇಳುವ ದಿನ ಸಮಿತಿಯವರು ತೊಟ್ಟಿಲು ತಂದರು. ಕಥಾನಾಯಕ ಹುಟ್ಟಿದರೆ ತೊಟ್ಟಿಲು ಕಟ್ಟಬೇಕು, ಅದರಲ್ಲಿ ಎರಡು ಮಾತಿಲ್ಲ. ಕಟ್ಟಿಗೆಯ ಗುಡಿಸಲಲ್ಲಿ ಹುಟ್ಟಿದ ಬಡವರ ಕೂಸು ಎಂದು ನಾನು ಹೇಳಿದ್ದಕ್ಕೆ ಸವಣೂರಿನ ಸೊಸೆಯಂದಿರು ಕಣ್ಣು ಒರೆಸಿಕೊಂಡು ಜೋಗುಳ ಹಾಡಿದರು. ಗುಗ್ಗರಿ ಹಂಚಿದರು. ಬೆಳೆದ ಮೇಲೆ ಈ ಕೂಸು ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರವಾಗಿ ಗಡ್ಡ ಬಿಡುತ್ತದೆ ಎಂದೆ. ‘ಆಗವಲ್ದ್ಯಾಕ, ಈಗ ಕೂಸಲ್ಲೇನು,’ ಎಂದು ಗೊಂಬೆಗೆ ದೃಷ್ಟಿ ತೆಗೆದರು. ದೊಡ್ಡವ್ವ ಎದ್ದುನಿಂತಳು. ‘ನಮ್ಮ ದಂಡನಾಯಕಗೂ ಒಬ್ಬಾಕಿ ಅವ್ವ ಇದ್ದಾಳು. ಆಂವೇನು ಮುಗಲಿಂದ ಉದುರ್‍ಯಾನ?’ ಮರುದಿನ ದಕ್ಷಿಣದ ದಂಡನಾಯಕನಿಗೂ ತೊಟ್ಟಿಲು ಕಟ್ಟಿಸಬೇಕಾಯಿತು. ಅವನಿಗೆ ಗುಗ್ಗರಿಯ ಜೊತೆ ಕೊಬ್ಬರಿ ಸಕ್ಕರೆಯೂ ಇತ್ತು.

ಉತ್ತರದವರು ದಕ್ಷಿಣದ ಬಂದರುಗಳನ್ನೆಲ್ಲ ಹಡಗು ನಿಲ್ಲಿಸಿ ಮುಚ್ಚಿದರು, ಒಂದು ಸಾಮಾನೂ ಒಳಗೆ ಬಿಡಲಿಲ್ಲ ಎಂದು ನಾನು ಹೇಳಿದ್ದು ಇನ್ನೊಂದು ಅನಾಹುತ. ಗಿರಣಿ ಕಾಕಾನಿಗೆ ಅದು ಬಹಳ ಹಿಡಿಸಿತು. ಮರುದಿನದಿಂದಲೇ ಸವಣೂರಿನ ಎಲೆ ಊರಿನ ಅಂಗಡಿಗಳಲ್ಲಿ ದಕ್ಷಿಣದ ಹೆಂಗಸರಿಗೆ ಸಿಗದಂತೆ ಮಾಡಿದ. ಎಲೆಅಡಿಕೆ ಇಲ್ಲದೆ ದೊಡ್ಡವ್ವನಿಗೆ ಹೊತ್ತು ಹೋಗುವುದಿಲ್ಲ. ಅವಳ ಸಿಟ್ಟು ನೆತ್ತಿಗೇರಿತು. ಆಕೆಯ ಹುಕುಮಿನ ಮೇಲೆ ಹಾನಗಲ್ಲಿನ ಸೊಸೆಯಂದಿರು ಮನೆಗಳಲ್ಲಿ ಅನ್ನಕ್ಕಿಡುವುದನ್ನು ನಿಲ್ಲಿಸಿದರು. ಅಕ್ಕಿ ಹಾನಗಲ್ಲಿನದು, ಉತ್ತರದವರಿಗೆ ಯಾಕೆ ಹಾಕಬೇಕು? ಊರಿನ ಗಂಡಸರು ಮೂರು ಹೊತ್ತೂ ರೊಟ್ಟಿ ತಿಂದು ಗುಡಿಗೆ ಬಂದು, ಸಿಟ್ಟಿನಿಂದ ನನ್ನನ್ನೇ ನೋಡುತ್ತ ಕೂರುತ್ತಿದ್ದರು.

ಯುದ್ಧದ ಅತಿ ದೊಡ್ಡ ಕಾಳಗ, ದಕ್ಷಿಣದವರು ಉತ್ತರದೊಳಗೇ ನುಗ್ಗಿ ಮೂರು ದಿನ ಕಾದದ್ದು, ನಾನು ನಮ್ಮ ತಾಲ್ಲೂಕಿನದೇ ಆದ ಹುಲಗೂರಿನ ಬಯಲಿನಲ್ಲಿ ಹಾಕಿದ್ದೆ. ಒಂದು ಮುಂಜಾನೆ ಹುಲಗೂರಿನಿಂದ ಬಾಳೆಹಣ್ಣಿನ ವ್ಯಾಪಾರಿಯೊಬ್ಬರು ಬೈಕಿನ ಮೇಲೆ ನಮ್ಮ ಮನೆ ಹುಡುಕಿಕೊಂಡು ಬಂದರು. ‘ಸರ, ನಮ್ಮೂರಾಗ ಸಾವಿರಗಟ್ಟಲೆ ಮಂದಿ ಸತ್ತಾರಂತ ಇಲ್ಲಿ ಹೇಳಾಕತ್ತೀರಂತಲ್ಲರಿ. ನಮಗ್ಯಾರಿಗೂ ಸುದ್ದೀನ ಇಲ್ಲ. ನಮ್ಮ ಮಾವ ಫೋನ್ ಮಾಡಿ ಅಳಾಕತ್ತಾನ್ರಿ.’ ಅವರನ್ನು ಕೂರಿಸಿ, ಚಾ ಕೊಟ್ಟು, ಇಡೀ ಯುದ್ಧ ವಿವರಿಸಿದೆ. ಸಮಾಧಾನದಿಂದ ಕೇಳಿ, ಹೋಗುವಾಗ, ‘ಆದರೂ ಒಂದು ಮಾತು ನಮಗ ತಿಳಿಸಬೇಕಿತ್ತ್ರಿ,’ ಎಂದು ಹೋದರು.

ಹುಲಗೂರಿನ ಕಾಳಗದಲ್ಲಿ ದಕ್ಷಿಣ ಸೋತಿತು. ಆ ಸಂಜೆ ಹೋಳಿಗೆ ಬರಲಿಲ್ಲ, ದೊಡ್ಡವ್ವ ತಾನೇ ಬಂದಳು. ಅವ್ವ ಮಣೆ ಕೊಟ್ಟರೂ ಕೂರಲಿಲ್ಲ.

‘ನೋಡು ತಮ್ಮಾ, ಇದೊಂದು ಸಲ ಆತು. ಕಡೀಕ ನಮ್ಮ ಕಡೆಯವರನ್ನ ಸೋಲಿಸಿದಿ ಅಂದ್ರ ನಮ್ಮ ಹುಡುಗನ್ನ ಈ ಮನಿ ಅಳಿಯಾ ಮಾಡೂದಿಲ್ಲ. ನಮ್ಮಣ್ಣಗ ಒಂದು ಫೋನ್ ಹಚ್ಚಿದ್ನಿ ಅಂದ್ರ ಮುಗೀತು.’

‘ದೊಡ್ಡವ್ವ, ಅದು ಎಂದೋ ಆಗಿಹೋದ ಯುದ್ಧ. ಅಮೆರಿಕಾದಾಗ ಆಗೇತಿ.’

‘ಆಗಿರ್ಲಿ. ಹೇಳಾವ ನೀನ ಅಲ್ಲೇನು?’

ದೊಡ್ಡವ್ವ ಬಾಯಲ್ಲಿ ಅಂದದ್ದನ್ನು ಮಾಡುವವಳು. ಹಿಂದೊಮ್ಮೆ ಮದುವೆಯ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಿಶ್ಚಯವಾದ ಇನ್ನೊಂದು ಸಂಬಂಧವನ್ನೇ ಮುರಿದಿದ್ದಳು. ತಂಗಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ನಾನು ಹೇಡಿಗಳು ಮಾಡುವ ಕೆಲಸ ಮಾಡಿದೆ. ಯುದ್ಧವನ್ನು ಎಳೆದೆ. ಇದ್ದ ಕಾಳಗಗಳನ್ನು ಹಿಂಜಿದೆ, ಇಲ್ಲದ ಮಳೆ ಸುರಿಸಿ ದಂಡುಗಳನ್ನು ಕೆಸರಿನಲ್ಲಿ ನಿಲ್ಲಿಸಿದೆ, ಸೈನಿಕರ ಕಾಲಿನ ಬೂಟುಗಳ ಬಗ್ಗೆಯೇ ಒಂದು ಸಂಜೆಯೆಲ್ಲ ಮಾತಾಡಿದೆ. ಶ್ರಾವಣ ಮುಗಿಯಿತು. ಗಣಪತಿ ಬಂದು, ಯುದ್ಧದ ನಡುವೆಯೇ ನೀರಿಗೆ ಹೋದ. ಗವಾಯಿಗಳು ಮೆಲ್ಲಗೆ, ‘ಸರ, ನನ್ನ ಹೇಣ್ತಿ ಬಾಣಂತನಕ್ಕ ಹೋಗ್ಯಾಳ್ರಿ, ಕೂಸರ ಹುಟ್ಟೂದರಾಗ ಯುದ್ಧ ಮುಗೀತೇತೇನ್ರಿ?’ ಎಂದು ಕೇಳಿದರು. ನಾನು ಅವರಿಗೆ ಕೂಸಿನ ತೊಟ್ಟಿಲಿಗೆ ಬರುತ್ತೇನೆಂದು ಮಾತು ಕೊಟ್ಟೆ.

ಆದರೆ ಎಳೆದಷ್ಟೂ ಮದುವೆಯೇ ದೂರ ಹೋಗುತ್ತಿತ್ತು. ಮಂಗಲ ಆಗದೆ ಹಂದರ ಇಲ್ಲ. ದಸರಾ ಹೊತ್ತಿಗೆ ಹುಡುಗನ ಕಡೆಯವರು ದಿನ ಕೇಳತೊಡಗಿದರು. ಯುದ್ಧ ಮುಗಿಸಿದರೆ ಸಂಬಂಧ ಮುರಿಯುತ್ತದೆ, ಮುಗಿಸದಿದ್ದರೆ ಮದುವೆ ಆಗುವುದಿಲ್ಲ. ಆ ದಿನಗಳಲ್ಲಿ ನನಗೆ ಊಟ ರುಚಿಸುತ್ತಿರಲಿಲ್ಲ. ಸಾಲೆಯಲ್ಲಿ ಮೌರ್ಯರ ಪಾಠ ಮಾಡುತ್ತಿದ್ದಾಗಲೂ ಬಾಯಿತಪ್ಪಿ ತೋಪು ಹಾರಿಸುತ್ತಿದ್ದೆ. ಈ ನಡುವೆಯೂ ಕೆಳಗಿನ ಓಣಿಯ ಅಜ್ಜ ಒಂದು ದಿನ ತಪ್ಪಿಸಿರಲಿಲ್ಲ. ಗುಲಾಮರೆಲ್ಲ ಇನ್ನು ಸ್ವತಂತ್ರರು ಎಂದು ಅಧ್ಯಕ್ಷ ಹುಕುಂ ಹೊರಡಿಸಿದ್ದನ್ನು ನಾನು ಹೇಳಿದ ಸಂಜೆ ಅಜ್ಜ ಅರ್ಧ ಎದ್ದಿದ್ದ. ‘ಹುಕುಂ ಆಗೇತಿ ಅಜ್ಜಾ, ಆದರ ದಕ್ಷಿಣದವರು ಕೇಳವಲ್ಲರು. ಯುದ್ಧ ಗೆದ್ದ ಮ್ಯಾಲೆ ಖರೆ,’ ಎಂದೆ. ಮತ್ತೆ ಕೂತ. ಹೆಂಗಸರ ಕಡೆ ಯಾರೋ, ‘ಅದಿರ್ಲಿ ಸರ, ಕುದುರಿ ಏನಾದವು?’ ಎಂದು ಕೇಳಿದರು.

ಕಡೆಗೆ ನಾನೊಂದು ಸಂಧಾನ ಹೊಸೆದೆ. ಎರಡೂ ಕಡೆಯ ದಂಡನಾಯಕರು ವರದಾ ಹೊಳೆಯ ದಂಡೆಯಲ್ಲಿ ಎದುರಾಗುತ್ತಾರೆ, ಅಪ್ಪಿಕೊಳ್ಳುತ್ತಾರೆ, ಸೋಲೂ ಇಲ್ಲ ಗೆಲುವೂ ಇಲ್ಲ, ಕಾಯಿ ಒಡೆದು ಮಂಗಲ. ಇದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದಾಗ ತಂಗಿ ಬಂದಳು.

‘ಅಣ್ಣಾ, ಹಂಗಾಗಿತ್ತೇನು?’

‘ಇಲ್ಲ.’

‘ಮತ್ತ ಆ ಗುಲಾಮರು ಏನಾದ್ರು, ನೀ ಹೊಸದಿದ್ದರಾಗ?’

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಸೋಲು ಗೆಲುವು ಇಲ್ಲದ ಸಂಧಾನದಲ್ಲಿ ಅವರು ಎಲ್ಲಿದ್ದರೋ ಅಲ್ಲೇ ಉಳಿಯುತ್ತಿದ್ದರು.

‘ನಿನ್ನ ಮದಿವಿ ಐತೆವಾ,’ ಎಂದೆ.

‘ನನ್ನ ಮದಿವಿ ಅಂತ ನನಗೂ ಗೊತ್ತೈತಿ,’ ಎಂದಳು. ಕಣ್ಣು ತುಂಬಿದ್ದವು. ‘ನನಗ ಆ ಹುಡುಗ ಬೇಕು. ಆದರ ದಿನಾ ಬಂದು ಕುಂಡ್ರೂ ಆ ಅಜ್ಜಗ ನೀ ಸುಳ್ಳು ಹೇಳಿ, ಅದರ ಮ್ಯಾಲೆ ನನ್ನ ಹಂದರ ಹಾಕಬ್ಯಾಡ. ಇದ್ದಂಗ ಹೇಳು.’

ಇದ್ದಂತೆ ಹೇಳಿದೆ. ಆ ಸಂಜೆ ಗುಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ದಕ್ಷಿಣದ ದಂಡಿಗೆ ತಿನ್ನಲು ಕಾಳು ಉಳಿದಿರಲಿಲ್ಲ, ಹಾದಿ ಎಲ್ಲ ಮುಚ್ಚಿತ್ತು. ದಂಡನಾಯಕ ತನ್ನ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗಿ ಶರಣಾದ. ದಕ್ಷಿಣ ಸೋತಿತು. ಮೈಕಿನಲ್ಲಿ ಹೇಳಿದ ಆ ಮಾತು ಊರೆಲ್ಲ ಕೇಳಿಸಿತು. ಗಿರಣಿ ಕಾಕಾ ಶಿಳ್ಳೆ ಹೊಡೆಯಲು ಬಾಯಿಗೆ ಬೆರಳಿಟ್ಟವನು ದೊಡ್ಡವ್ವನ ಕಡೆ ನೋಡಿ ತೆಗೆದ. ದೊಡ್ಡವ್ವ ಎದ್ದುನಿಂತಿದ್ದಳು. ಏನಾದರೂ ಹೇಳಬೇಕೆಂದು, ನೆನಪಿದ್ದದ್ದನ್ನೆಲ್ಲ ಒದರಿದೆ: ಗೆದ್ದವರು ಸೋತವರನ್ನು ಹೀಯಾಳಿಸಲಿಲ್ಲ, ಹಸಿದವರಿಗೆ ಊಟ ಕೊಟ್ಟರು, ನಿಮ್ಮ ನಿಮ್ಮ ಕುದುರೆಗಳನ್ನು ಹೊಡೆದುಕೊಂಡು ಹೋಗಿ, ಬಿತ್ತನೆಗೆ ಬೇಕಾಗುತ್ತವೆ ಎಂದರು.

‘ಕುದುರಿ ವಾಪಸ್ ಕೊಟ್ರೇನು?’ ಎಂದು ಕೇಳಿದಳು ದೊಡ್ಡವ್ವ.

‘ಕೊಟ್ರು.’

‘ಬಿತ್ತಿಗಿ ಹೊತ್ತಿನ್ಯಾಗ?’

‘ಹೌದು ದೊಡ್ಡವ್ವ.’

ದೊಡ್ಡವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ‘ಹಂಗಾರ ಸೋಲಲ್ಲದು,’ ಎಂದು ಕೂತಳು. ‘ಹೊಲಾ ರಂಟಿ ಹೊಡಿಯಾಕ ಕುದುರಿ ಉಳಿದ್ವಲ್ಲ, ಆತು ತಗೋ.’ ನನ್ನ ತಂಗಿಯ ಮದುವೆ ಅಮೆರಿಕದ ಕುದುರೆಗಳ ದಯೆಯಿಂದ ಉಳಿಯಿತು. ಗುಡಿಯೆಲ್ಲ ಗದ್ದಲವಾಯಿತು. ಉತ್ತರದವರು ದಕ್ಷಿಣದವರಿಗೆ ಸವಣೂರಿನ ಎಲೆ ತರಿಸಿ ಕೊಟ್ಟರು, ಹಾನಗಲ್ಲಿನ ಸೊಸೆಯಂದಿರು ಅನ್ನಕ್ಕಿಡಲು ಮನೆಗೆ ಓಡಿದರು. ಮಂಗಲಕ್ಕೆ ದಿನ ಗೊತ್ತಾಯಿತು. ಗೆದ್ದ ಅಧ್ಯಕ್ಷನನ್ನು ಐದಾರು ದಿನದಲ್ಲೇ ಗುಂಡಿಟ್ಟು ಕೊಂದರು ಎಂಬ ಭಾಗವನ್ನು ಹೇಳಕೂಡದೆಂದು ಸಮಿತಿ ತಾಕೀತು ಮಾಡಿತು. ಮಂಗಲದ ಹುಗ್ಗಿಗೆ ಸೂತಕ ತಗಲಬಾರದಲ್ಲ.

ಮೆಟ್ಟಿಲ ಮೇಲೆ ಅಜ್ಜ ಕಾಯುತ್ತಿದ್ದ. ತಂಗಿ ನನ್ನ ಹಿಂದೆಯೇ ಇದ್ದಳು.

‘ಬಿಡುಗಡಿ ಆತ್ರ್ಯಾ?’

‘ಆತು ಅಜ್ಜಾ. ಎಲ್ಲಾರಿಗೂ.’

‘ಅವರಿಗೂ ಕುದುರಿ ಕೊಟ್ರೇನ್ರಿ?’

‘ಇಲ್ಲ.’

‘ಹೊಲ?’

‘ಕೊಡ್ತೇವಿ ಅಂದ್ರು. ಒಂದಿಷ್ಟು ಮಂದಿಗೆ ಕೊಟ್ರು, ಆಮ್ಯಾಲೆ ಕಸಗೊಂಡ್ರು.’

ಅಜ್ಜ ನಗಲೂ ಇಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ‘ಹೂಂ,’ ಎಂದ. ‘ಮಂಗಲ ಯಾವತ್ತ್ರಿ?’

ಮಂಗಲದ ದಿನ ಬೀಗರಾಗುವವರೂ ಹಿರೇಕೆರೂರಿನ ಕಡೆಯಿಂದ ಟೆಂಪೊ ಮಾಡಿಕೊಂಡು ಬಂದರು. ಗಿರಣಿ ಕಾಕಾ ಮತ್ತು ದೊಡ್ಡವ್ವನ ಅಣ್ಣ ಪೀಠದ ಮುಂದೆ ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ನನಗೂ ಒಂದು ಶಾಲು ಬಿತ್ತು. ಆಮೇಲೆ ಗುಡಿಯ ಒಳಗೆ ಪಂಕ್ತಿ ಕೂತಿತು, ಉತ್ತರದವರು ದಕ್ಷಿಣದವರು ಒತ್ತೊತ್ತಾಗಿ. ಗಿರಣಿ ಕಾಕಾ ದೊಡ್ಡವ್ವನ ಅಣ್ಣನಿಗೆ ಹುಗ್ಗಿಯ ಮೇಲೆ ತುಪ್ಪ ಸುರಿದ ರೀತಿ ನೋಡಿದರೆ, ಇವರ ನಡುವೆ ಒಂದು ಸಣ್ಣ ಜಗಳವೂ ಆಗಿರಲಿಲ್ಲ ಎನ್ನಬೇಕು. ಹೊರಗೆ ಮೆಟ್ಟಿಲ ಮೇಲೆ, ಎಂದಿನಂತೆ, ಅಜ್ಜನಿಗೂ ಕೆಳಗಿನ ಓಣಿಯ ಇನ್ನು ಕೆಲವರಿಗೂ ಎಲೆ ಹಾಕಿದ್ದರು.

ತಂಗಿ ಎದ್ದಳು. ತನ್ನ ಎಲೆಯನ್ನು ಹುಗ್ಗಿ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು, ಬೀಗರ ಸಾಲಿನ ಎದುರೇ ಹಾದು, ಹೊರಗೆ ಹೋಗಿ ಅಜ್ಜನ ಪಕ್ಕ ಮೆಟ್ಟಿಲ ಮೇಲೆ ಕೂತಳು. ಒಳಗೆ ಬಾಯಿ ಆಡಿಸುವ ಸಪ್ಪಳ ನಿಂತಿತು. ದೊಡ್ಡವ್ವನ ಅಣ್ಣನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅಜ್ಜ ತಂಗಿಯಿಂದ ಒಂದು ಮೊಳ ಸರಿದು ಕೂತ. ತಂಗಿಯೂ ಒಂದು ಮೊಳ ಸರಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಕುದುರೆಗಳು ಉಳಿಸಿದ ಮದುವೆ ಈಗ ಹೋಯಿತು ಎಂದುಕೊಂಡೆ ನಾನು.

ಹುಗ್ಗಿಯ ಬಕೀಟು ಹಿಡಿದಿದ್ದವಳು ದೊಡ್ಡವ್ವ. ಅಣ್ಣನ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಬಕೀಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಊರಿಗೆಲ್ಲ ಕೇಳುವಂತೆ ಗದರಿದಳು.

‘ಹೊರಗ ನೊಣ ಎಷ್ಟ ಅದಾವ ನೋಡು! ಹುಗ್ಗಿ ಅಂದ್ರ ನೊಣ ಬರದ ಇರ್ತಾವೇನು? ಏಳ್ರಿ, ಎಲ್ಲಾರೂ ಎಲಿ ತಗೊಂಡು ಒಳಗ ಬರ್ರಿ. ಲಗೂ ಬರ್ರಿ, ಆರತೇತಿ.’

ನೊಣ ಇದ್ದದ್ದು ನಿಜ, ಒಳಗೂ ಇದ್ದವು. ಅಜ್ಜ, ‘ಇರ್ಲಿ ಬಿಡ್ರವಾ,’ ಎಂದ. ‘ಏನ್ ಇರ್ಲಿ? ಏಳ್ರಿ,’ ಎಂದಳು ದೊಡ್ಡವ್ವ. ಅವರು ಒಬ್ಬೊಬ್ಬರಾಗಿ ಎದ್ದು ಒಳಗೆ ಬಂದರು. ಗಿರಣಿ ಕಾಕಾ ಸರಿದು ಜಾಗ ಬಿಟ್ಟ, ಅಥವಾ ಜಾಗ ತಾನಾಗಿ ಆಯಿತು. ದೊಡ್ಡವ್ವ ತಂಗಿಯ ಎಲೆಗೆ ಹುಗ್ಗಿ ಹಾಕುವಾಗ ಬಗ್ಗಿ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

‘ಮದಿವ್ಯಾಗ ಹಿಂಗ ಮಾಡಬ್ಯಾಡ ನಮ್ಮವ್ವ. ನಮ್ಮ ತವರಾಗಿನ ಮಂದಿ ಮುಂದ ಹಿಂಗ ಅನ್ನಾಕ ನನಗ ಧೈರ್ಯಿಲ್ಲ.’

‘ಅಜ್ಜನ್ನ ಮದಿವಿಗೆ ಕರದೇನಿ ದೊಡ್ಡವ್ವ. ಅಲ್ಲೂ ಹೊರಗ ಹಾಕಿದ್ರ ಅಲ್ಲೂ ಎದ್ದು ಹೋಗ್ತೇನಿ.’

ದೊಡ್ಡವ್ವ ಬಕೀಟು ಎತ್ತಿಕೊಂಡು ಮುಂದಿನ ಎಲೆಗೆ ಹೋದಳು.

ಹಂದರ ನಮ್ಮ ಮನೆಯ ಮುಂದೂ ಬಿತ್ತು, ಮದುವೆ ಮಾತ್ರ ಗಂಡಿನ ಊರಿನಲ್ಲಿ. ದೊಡ್ಡವ್ವ ನಮಗಿಂತ ಮೊದಲೇ ಅಲ್ಲಿಗೆ ಹೋಗಿದ್ದಳು. ನಮ್ಮ ಜೊತೆ ಟೆಂಪೊದಲ್ಲಿ ಅಜ್ಜನೂ ಬಂದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಮದುಮಗಳು ಅಕ್ಷತೆ ಬಿದ್ದ ಅರ್ಧ ತಾಸಿಗೆ ಪಂಕ್ತಿಯಿಂದ ಎದ್ದು ಹೊರಗೆ ಹೋದರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಅಕ್ಷತೆ ಬಿತ್ತು. ಊಟಕ್ಕೆ ಏಳಿ ಎಂದರು. ನಾನು ಸಮುದಾಯ ಭವನದ ಊಟದ ಹಾಲ್ ಕಡೆ ಓಡಿದೆ. ಬಾಗಿಲಿಗೆ ಬೀಗ.

‘ಒಳಗ ಫ್ಯಾನ್ ಕೆಟ್ಟಾವಂತ,’ ಎಂದು ಯಾರೋ ಹೇಳಿದರು. ‘ನಿಮ್ಮ ದೊಡ್ಡವ್ವ ಎಲ್ಲಾರಿಗೂ ಹೊರಗ ಹಾಕಿಸ್ಯಾಳ.’

ಭವನದ ಹಿಂದೆ ಗೋವಿನಜೋಳ ಕೊಯ್ದು ಖಾಲಿಯಾಗಿದ್ದ ಹೊಲದಲ್ಲಿ ಉದ್ದಕ್ಕೆ ಚಾಪೆ ಹಾಸಿದ್ದರು. ಗಂಡಿನವರು, ಹೆಣ್ಣಿನವರು, ಊರ ಹಿರಿಯರು, ಆ ಊರಿನ ಕೆಳಗಿನ ಓಣಿಯವರು, ನಮ್ಮೂರ ಅಜ್ಜ, ಎಲ್ಲರೂ ಬಿಸಿಲು ಗಾಳಿಯಲ್ಲಿ ಸಾಲಾಗಿ ಕೂತು ಗೊಣಗುತ್ತಿದ್ದರು. ತಂಗಿ ಮದುಮಗನ ಪಕ್ಕ ನಿಂತು ಆ ಕಡೆ ಈ ಕಡೆ ನೋಡಿದಳು. ಎದ್ದು ಹೋಗಲು ಎಲ್ಲಿಯೂ ಜಾಗ ಇರಲಿಲ್ಲ. ಮೆಲ್ಲಗೆ ಕೂತಳು.

ನಾನು ಕಿಟಕಿಯಿಂದ ಕೈ ಹಾಕಿ ಹಾಲ್‌ನ ಸ್ವಿಚ್ ಒತ್ತಿದೆ. ಫ್ಯಾನುಗಳೆಲ್ಲ ಭರ್ ಎಂದು ತಿರುಗಿದವು. ದೊಡ್ಡವ್ವ ಹಿಂದಿನಿಂದ ಬಂದು ನನ್ನ ಕೈಗೆ ಬಡಿದು ಸ್ವಿಚ್ ಆರಿಸಿದಳು. ಬೀಗದ ಕೈ ಅವಳ ನಡುವಿನಲ್ಲಿತ್ತು.

‘ಒಳಗ ಇದ್ರ ತಾನ ಹೊರಗ? ಒಳಗ ಅನ್ನೂದನ್ನ ತಗದುಬಿಟ್ನಿ. ಹೋಗು, ನೀರು ಬಡಸು ಹೋಗು.’

ನೀರಿನ ಜಗ್ಗು ಎತ್ತಿಕೊಂಡು ಸಾಲಿಗೆ ಇಳಿದೆ. ಗಾಳಿಗೆ ಎಲೆಗಳು ಎದ್ದೆದ್ದು ಮಗುಚುತ್ತಿದ್ದವು. ಸಾಲಿನ ನಡುವೆ ಅಜ್ಜ, ಅವನ ಪಕ್ಕ ದೊಡ್ಡವ್ವನ ಅಣ್ಣ ಕೂತಿದ್ದರು. ಅಜ್ಜ ಒಂದು ಕೈಯಲ್ಲಿ ತನ್ನ ಎಲೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬೀಗರ ಎಲೆ ಹಾರದಂತೆ ಹಿಡಿದಿದ್ದ. ಬೀಗರು ಆರಾಮವಾಗಿ ಉಣ್ಣುತ್ತಿದ್ದರು. ಅಜ್ಜನಿಗೆ ಉಣ್ಣಲು ಕೈ ಉಳಿದಿರಲಿಲ್ಲ. ನಾನು ನೀರು ಹಾಕಲು ಬಗ್ಗಿದಾಗ ಬೀಗರು ತಲೆ ಎತ್ತಿದರು, ನನ್ನನ್ನು ನೋಡಿದರು, ಆಮೇಲೆ ತಮ್ಮ ಎಲೆಯ ಮೇಲಿದ್ದ ಆ ಕೈಯನ್ನು ನೋಡಿದರು.

‘ನೀ ಉಣ್ಣಪಾ ಹಿರ್‍ಯಾ,’ ಎಂದರು. ‘ನಂದು ನಾ ಹಿಡಕೋತೇನಿ.’